ರಾತ್ರಿ ಒಂಬತ್ತೂವರೆಯ ಮೇಲೆ ಮಾತ್ರ ಬರುತ್ತಿದ್ದ ಸಿನಿಮಾ: ತುಮಕೂರಿನ ಒಂದು ಟಿವಿ ರಿಪೇರಿ ಅಂಗಡಿಯ ವಿಮರ್ಶೆ

ತುಮಕೂರಿನ ಎಂ.ಜಿ. ರಸ್ತೆಯ ಆಸುಪಾಸಿನ ಗಲ್ಲಿಯೊಂದರಲ್ಲಿ, ಎರಡು ದೊಡ್ಡ ಮಳಿಗೆಗಳ ನಡುವೆ ಸಿಕ್ಕಿಕೊಂಡಂತಿರುವ ಟಿವಿ ರಿಪೇರಿ ಅಂಗಡಿಗೆ ನಾನು ಕಳೆದ ತಿಂಗಳು ಎರಡು ಬಾರಿ ಹೋಗಿ ಬಂದೆ, ಅಂಗಡಿಯವರು ಒಮ್ಮೆ ನಮ್ಮ ಮನೆಗೂ ಬಂದರು. ಅಂಗಡಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮೆಚ್ಚುಗೆಯ ಜೊತೆಗೆ ಕೆಲವು ದೂರುಗಳನ್ನೂ ಹೇಳಬೇಕಾಗಿರುವುದರಿಂದ, ಒಬ್ಬರೇ ನಡೆಸುವ ಅಂಗಡಿಯ ಹೊಟ್ಟೆಪಾಡಿಗೆ ನನ್ನ ಮಾತು ಅಡ್ಡ ಬರುವುದು ಬೇಡ. ಆದರೆ ಅಲ್ಲಿ ನನಗೆ ದೊರೆತ ಸೇವೆಯನ್ನೂ, ಅದರ ಜೊತೆಗೆ ನಾನು ಹಣ ಕೊಟ್ಟು ಕೊಂಡಿದ್ದ ಸ್ಪ್ಲಿಟರ್, ಕನ್ವರ್ಟರ್, ಕೇಬಲ್ ಇವುಗಳ ಗುಣದೋಷಗಳನ್ನೂ ವಿವರವಾಗಿ ಬರೆದರೆ, ಮನೆಯಲ್ಲಿ ಹಳೆಯ ಟಿವಿ ಇಟ್ಟುಕೊಂಡು ಅದಕ್ಕೆ ಹೊಸ ಸಾಧನಗಳನ್ನು ಜೋಡಿಸಲು ಒದ್ದಾಡುತ್ತಿರುವವರಿಗೆ ಉಪಯೋಗವಾದೀತು.

ನಮ್ಮ ಮನೆಯ ವ್ಯವಸ್ಥೆ ಹೀಗಿತ್ತು. ಹಾಲಿನಲ್ಲಿ 2011ರಲ್ಲಿ ಕೊಂಡ 32 ಇಂಚಿನ ಎಲ್‌ಸಿಡಿ ಟಿವಿ ಇದೆ. ಅಮ್ಮನ ಕೋಣೆಯಲ್ಲಿ ಅದಕ್ಕಿಂತಲೂ ಹಳೆಯದಾದ, ಮಕ್ಕಳು ಡಬ್ಬಾ ಟಿವಿ ಎಂದು ಹಾಸ್ಯ ಮಾಡುವ 21 ಇಂಚಿನ ಪಿಕ್ಚರ್ ಟ್ಯೂಬ್ ಟಿವಿ ಇದೆ. ಎರಡೂ ಇಂದಿಗೂ ಕೆಟ್ಟಿಲ್ಲ, ಅಮ್ಮನಿಗಂತೂ ಆ ಟಿವಿಯ ರಿಮೋಟಿನ ಗುಂಡಿಗಳು ಕಣ್ಣು ಮುಚ್ಚಿದರೂ ಕೈಗೆ ಸಿಗುತ್ತವೆ. ಹಾಲಿನ ಟಿವಿಗೆ ಇಂಟರ್ನೆಟ್ಟಿನ ವಿಡಿಯೊಗಳನ್ನು ಟಿವಿಯಲ್ಲಿ ತೋರಿಸುವ ಒಂದು ಸ್ಟ್ರೀಮಿಂಗ್ ಸ್ಟಿಕ್ ಹಾಕಿಸಿದಾಗ, ಅದರಲ್ಲಿ ಬರುವ ಭಜನೆ, ಹರಿಕಥೆಗಳನ್ನು ಅಮ್ಮನೂ ತಮ್ಮ ಕೋಣೆಯಲ್ಲಿ ಕುಳಿತೇ ನೋಡಲಿ ಎಂಬ ಆಸೆಯಿಂದ, ಸ್ಟಿಕ್ಕಿನ ಚಿತ್ರವನ್ನು ಎರಡು ಟಿವಿಗಳಿಗೂ ಹಂಚುವ ಎಚ್‌ಡಿಎಂಐ (ಚಿತ್ರ, ಸದ್ದು ಎರಡನ್ನೂ ಒಂದೇ ಕೇಬಲ್ಲಿನಲ್ಲಿ ಸಾಗಿಸುವ ಡಿಜಿಟಲ್ ಜೋಡಣೆ) ಸ್ಪ್ಲಿಟರ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಸ್ಪ್ಲಿಟರ್‌ನ ಒಂದು ತುದಿ ಹಾಲಿನ ಟಿವಿಗೆ. ಇನ್ನೊಂದು ತುದಿಯಿಂದ 10 ಮೀಟರಿನ ಕೇಬಲ್ ಕಿಟಕಿಯ ಸಂದಿಯಲ್ಲಿ ಹಾದು ಅಮ್ಮನ ಕೋಣೆಗೆ. ಅಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕನ್ವರ್ಟರ್ ಅದನ್ನು ಹಳದಿ, ಕೆಂಪು, ಬಿಳಿ ಪಿನ್ನುಗಳ ಎವಿ ಸಿಗ್ನಲ್ ಆಗಿ ಬದಲಿಸಿ ಹಳೆಯ ಟಿವಿಗೆ ಕೊಡುತ್ತಿತ್ತು. ಯೂಟ್ಯೂಬ್ ಎರಡೂ ಕಡೆ ಸೊಗಸಾಗಿ ಬಂತು. ನಾನು ಬೀಗಿದ್ದೂ ನಿಜ.

ತೊಂದರೆ ಶುರುವಾದದ್ದು ವರ್ಷದ ಚಂದಾ ಕಟ್ಟಿ ಸಿನಿಮಾ ಆ್ಯಪ್ ಒಂದನ್ನು ತೆರೆದಾಗ. ಆ್ಯಪ್ ತೆರೆಯುತ್ತದೆ, ಪೋಸ್ಟರ್‌ಗಳೆಲ್ಲ ಕಾಣುತ್ತವೆ, ಸಿನಿಮಾ ಒತ್ತಿದ ತಕ್ಷಣ ಪರದೆ ಕಪ್ಪಾಗಿ, ನಿಮ್ಮ ಟಿವಿ ಎಚ್‌ಡಿಸಿಪಿಯನ್ನು ಬೆಂಬಲಿಸುವುದಿಲ್ಲ ಎಂಬ ಅರ್ಥದ ಇಂಗ್ಲಿಷ್ ವಾಕ್ಯವೊಂದು ಮೂಡುತ್ತದೆ. ಮೊದಲು ಒಂದು ದೊಡ್ಡ ಷೋರೂಮಿಗೆ ಹೋಗಿ ಈ ವಾಕ್ಯದ ಫೋಟೊ ತೋರಿಸಿದೆ. ಅಲ್ಲಿನ ಹುಡುಗ ಫೋಟೊವನ್ನು ಪೂರ್ತಿ ನೋಡುವ ಮೊದಲೇ ಟಿವಿ ಯಾವ ವರ್ಷದ್ದು ಎಂದು ಕೇಳಿ, 2011 ಎಂದದ್ದೇ ತಡ, ಹಾಗಾದರೆ ಅದು ಬರುವುದೇ ಇಲ್ಲ ಎಂದು ತೀರ್ಮಾನ ಕೊಟ್ಟು ಕಂತಿನ ಲೆಕ್ಕ ಹೇಳಲು ಆರಂಭಿಸಿದ. ಊರಿನಿಂದ ಬಂದಿದ್ದ ನಮ್ಮ ಭಾವನವರು ಸ್ಟಿಕ್ 4ಕೆ, ಅಂದರೆ ಎಚ್‌ಡಿಗಿಂತ ಹೆಚ್ಚು ಸೂಕ್ಷ್ಮವಾದ ಚಿತ್ರ ಕೊಡುವಂಥದ್ದು, ಆಗಿರುವುದೇ ಇದಕ್ಕೆ ಕಾರಣ ಎಂದರು. ನನ್ನದೂ ಒಂದು ಸಿದ್ಧಾಂತವಿತ್ತು: ಕೆಲವು ರಾತ್ರಿ, ತಡವಾಗಿ ಹಾಕಿದರೆ ಅದೇ ಸಿನಿಮಾ ಯಾವ ತಕರಾರೂ ಇಲ್ಲದೆ ಓಡುತ್ತಿದ್ದುದರಿಂದ, ರಾತ್ರಿ ಹೊತ್ತು ಇಂಟರ್ನೆಟ್ ಚುರುಕಾಗುವುದೇ ಇದರ ಗುಟ್ಟು ಎಂದು ನಾನು ನಂಬಿದ್ದೆ. ಮೂರೂ ತಪ್ಪು ಎಂಬುದು ಆಮೇಲೆ ತಿಳಿಯಿತು.

ಎಚ್‌ಡಿಸಿಪಿ ಎಂಬುದು ಇಂಟೆಲ್ ಸಂಸ್ಥೆ 2000ದ ಹೊತ್ತಿಗೆ ರೂಪಿಸಿದ ಒಂದು ಬೀಗದ ಪದ್ಧತಿ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಹರಿಯುವ ಚಿತ್ರವನ್ನು ನಡುವೆ ಯಾರೂ ನಕಲು ಮಾಡಿಕೊಳ್ಳಬಾರದೆಂದು, ಚಿತ್ರ ಕಳಿಸುವ ಸಾಧನವು ಮೊದಲು ಎದುರಿನ ಸಾಧನವನ್ನು ಪರೀಕ್ಷಿಸುತ್ತದೆ. ಎದುರಿನದು ಪರವಾನಗಿ ಪಡೆದ ರಹಸ್ಯ ಕೀಲಿಗಳನ್ನು ಹೊಂದಿದೆಯೇ ಎಂಬುದನ್ನು ಎರಡೂ ಸಾಧನಗಳು ಗಣಿತದ ಮೂಲಕ ತಾಳೆ ನೋಡಿಕೊಳ್ಳುತ್ತವೆ. ಹಳೆಯ 1 ಸರಣಿಯ ಎಚ್‌ಡಿಸಿಪಿಯಲ್ಲಿ ಪ್ರತಿ ಸಾಧನದೊಳಗೆ ತಲಾ 56 ಬಿಟ್ ಉದ್ದದ 40 ಕೀಲಿಗಳಿರುತ್ತವೆ. ತಾಳೆಯಾದರೆ ಚಿತ್ರ ಗೂಢಲಿಪಿಯಲ್ಲಿ ಹರಿಯುತ್ತದೆ, ಆಗದಿದ್ದರೆ ಕಪ್ಪು ಪರದೆ. ಈ ಮಾತುಕತೆ ಒಮ್ಮೆ ನಡೆದು ಮುಗಿಯುವುದಿಲ್ಲ. ಸಿನಿಮಾ ಓಡುತ್ತಿರುವಾಗಲೂ ಸರಿಸುಮಾರು ಎರಡು ಸೆಕೆಂಡಿಗೊಮ್ಮೆ ಎರಡೂ ಕಡೆಯವರು ಲೆಕ್ಕ ಸರಿಯಿದೆಯೇ ಎಂದು ಮತ್ತೆ ಮತ್ತೆ ನೋಡಿಕೊಳ್ಳುತ್ತಾರೆ. ನನ್ನ ಸ್ಟಿಕ್ಕಿನಲ್ಲಿ ಯೂಟ್ಯೂಬಿನ ಸಾಮಾನ್ಯ ವಿಡಿಯೊಗಳಿಗೆ ಈ ಬೀಗ ಬೀಳುವುದಿಲ್ಲ, ಚಂದಾ ಕಟ್ಟಿದ ಸಿನಿಮಾಗಳಿಗೆ ಬೀಳುತ್ತದೆ. ಹಣ ಕೊಡದೆ ನೋಡುವುದು ಬರುತ್ತದೆ, ಹಣ ಕೊಟ್ಟದ್ದು ಬರುವುದಿಲ್ಲ ಎಂಬ ವಿಚಿತ್ರ ಸ್ಥಿತಿ ಎದುರಾದರೆ, ದೋಷ ಚಿತ್ರದ್ದೂ ಅಲ್ಲ, ಇಂಟರ್ನೆಟ್ಟಿನದೂ ಅಲ್ಲ, ಈ ಬೀಗದ್ದು ಎಂದು ಅನುಮಾನಿಸಬೇಕು.

ಹಾಗಾದರೆ ಷೋರೂಮಿನ ಹುಡುಗನ ಮಾತು ಏಕೆ ತಪ್ಪು ಎಂದರೆ, ನಮ್ಮ ಹಾಲಿನ ಟಿವಿಯಂತೆ ಎಚ್‌ಡಿ ಸೆಟ್‌ಟಾಪ್ ಬಾಕ್ಸ್, ಬ್ಲೂ-ರೇ ಪ್ಲೇಯರ್‌ಗಳನ್ನು ಜೋಡಿಸಲೆಂದೇ ತಯಾರಾದ ಆ ಕಾಲದ ಎಚ್‌ಡಿ ಟಿವಿಗಳಲ್ಲಿ ಸಾಮಾನ್ಯವಾಗಿ 1 ಸರಣಿಯ ಎಚ್‌ಡಿಸಿಪಿ ಇದ್ದೇ ಇರುತ್ತದೆ. ಇಲ್ಲದಿರುವುದು ಡಿವಿಐ ಸಾಕೆಟ್ಟಿನ ಹಳೆಯ ಕಂಪ್ಯೂಟರ್ ಮಾನಿಟರ್‌ಗಳಂಥವುಗಳಲ್ಲಿ. 2013ರಲ್ಲಿ ಬಂದ 2.2 ಎಂಬ ಆವೃತ್ತಿಯನ್ನು 4ಕೆ ಚಿತ್ರಗಳಿಗೆ ಕೇಳುತ್ತಾರೆ, ಅದು ಹಳೆಯ ಟಿವಿಯಲ್ಲಿ ಇರುವುದಿಲ್ಲ. ಆದರೆ ನಮ್ಮದರಂಥ ಸ್ಟಿಕ್ ಎದುರಿಗಿರುವುದು 4ಕೆ ಟಿವಿಯಲ್ಲ ಎಂದು ಕಂಡೊಡನೆ ತಾನಾಗಿ 1080 ಗೆರೆಗಳ ಎಚ್‌ಡಿ ಚಿತ್ರಕ್ಕೆ ಇಳಿದು ಹಳೆಯ ಬೀಗಕ್ಕೇ ಒಪ್ಪಿಕೊಳ್ಳುತ್ತದೆ. ಭಾವನವರ ವಾದ ಅಲ್ಲಿಗೆ ಬಿತ್ತು. ಇಷ್ಟನ್ನೂ ನನಗೆ ತಿಳಿಸಿದ್ದು ಗಲ್ಲಿಯ ಅಂಗಡಿಯವರು.

ಅಂಗಡಿ ಎಂದರೆ ಎಂಟಡಿ ಅಗಲ. ಒಳಗೆ ಬಿಚ್ಚಿಟ್ಟ ಟಿವಿಗಳು, ಸೋಲ್ಡರಿಂಗ್ ಹೊಗೆಯ ವಾಸನೆ, ಗೋಡೆಗೆ ನೇತುಹಾಕಿದ ರಿಮೋಟುಗಳ ಸಾಲು. ಮಾಲೀಕರು ಐವತ್ತು ದಾಟಿದವರು, ಮಾತು ಕಡಿಮೆ. ನಾನು ಸ್ಟಿಕ್ ಮೇಜಿನ ಮೇಲಿಟ್ಟು ಸಮಸ್ಯೆ ಹೇಳಿದಾಗ ಅವರು ಟಿವಿಯ ವರ್ಷವನ್ನು ಕೇಳಲಿಲ್ಲ. “ಮಧ್ಯದಲ್ಲಿ ಏನೇನಿದೆ ಸರ್?” ಎಂದು ಕೇಳಿದರು. ಸ್ಪ್ಲಿಟರ್ ಇದೆ ಎಂದೆ. “ಅದನ್ನೂ ತರ್ಬೇಕಿತ್ತು, ಕೇಬಲ್ಲೂ ತರ್ಬೇಕಿತ್ತು, ಬರೀ ಸ್ಟಿಕ್ ಇಟ್ಕೊಂಡು ನಾನೇನು ನೋಡ್ಲಿ” ಎಂದು ನನ್ನನ್ನು ಬಟವಾಡಿಯ ಮನೆಗೆ ವಾಪಸ್ ಕಳಿಸಿದರು. ಅಂದು ಬಿಸಿಲಿನಲ್ಲಿ ಬೈಕಿನ ಮೇಲೆ ಹಿಂದಿರುಗುವಾಗ ಬೇಸರವಾದದ್ದು ನಿಜ. ಆದರೆ ಎರಡನೆಯ ಬಾರಿ ಎಲ್ಲವನ್ನೂ ಬಟ್ಟೆ ಚೀಲದಲ್ಲಿ ತುಂಬಿಕೊಂಡು ಹೋದಾಗ, ಕನ್ವರ್ಟರನ್ನು ಮಾತ್ರ ಮನೆಯಲ್ಲೇ ಮರೆತಿದ್ದೆ. ಆ ಮರೆವಿನಿಂದಾಗಿಯೇ ಕಥೆ ಇನ್ನೊಂದು ವಾರ ಬೆಳೆಯಿತು.

ಅವರ ಪರೀಕ್ಷೆಯ ಕ್ರಮವನ್ನು ಹತ್ತಿರದಿಂದ ನೋಡಿದ್ದೇನೆ, ಈ ಅಂಗಡಿಗೆ ನಾನು ಹಣ ಕೊಟ್ಟದ್ದು ಸಾರ್ಥಕ ಅನಿಸಿದ್ದು ಅಲ್ಲಿಯೇ. ಅವರ ಮೇಜಿನ ಮೇಲೆ ಸರಿಯಾಗಿ ಕೆಲಸ ಮಾಡುತ್ತದೆಂದು ಖಾತ್ರಿಯಿರುವ ಒಂದು ಚಿಕ್ಕ ಟಿವಿ, ಒಂದು ಸೆಟ್‌ಟಾಪ್ ಬಾಕ್ಸ್, ಮೊಳದುದ್ದದ ಒಂದು ಕೇಬಲ್ ಸದಾ ಇರುತ್ತವೆ. ಮೊದಲು ನನ್ನ ಸ್ಟಿಕ್ಕನ್ನು ನೇರವಾಗಿ ಆ ಟಿವಿಗೆ ಚುಚ್ಚಿ ನನ್ನ ಮೊಬೈಲಿನ ಹಾಟ್‌ಸ್ಪಾಟಿನಿಂದ ಅದೇ ಸಿನಿಮಾ ಹಾಕಿದರು, ಓಡಿತು. ನಡುವೆ ಸ್ಪ್ಲಿಟರ್ ಇಟ್ಟರು, ಆಗಲೂ ಓಡಿತು. ಆಮೇಲೆ ನನ್ನ ಕೇಬಲ್ಲನ್ನು ಕೈಗೆತ್ತಿಕೊಂಡು, ಸಣ್ಣ ಹಸಿರು ಪಟ್ಟಿಯೊಂದಕ್ಕೆ ಸಿಕ್ಕಿಸಿದರು. ಆ ಪಟ್ಟಿಯ ಮೇಲೆ ಎಚ್‌ಡಿಎಂಐ ಪ್ಲಗ್ಗಿನ 19 ಪಿನ್ನುಗಳಿಗೂ ಒಂದೊಂದು ತಾಮ್ರದ ಚುಕ್ಕೆ, ಪಕ್ಕದಲ್ಲಿ ಅಂಕಿ. ಮಲ್ಟಿಮೀಟರಿನ ಎರಡು ಸೂಜಿಗಳನ್ನು 15ನೆಯ ಮತ್ತು 16ನೆಯ ಚುಕ್ಕೆಗಳ ಮೇಲೆ ಒಂದಾದ ಮೇಲೊಂದರಂತೆ ಇಟ್ಟು, ಬೀಪ್ ಬಂದ ಮೇಲೆ ಕೇಬಲ್ಲಿನ ಕುತ್ತಿಗೆಯನ್ನು ಆಚೀಚೆ ಬಗ್ಗಿಸಿ ಮತ್ತೆ ಬೀಪ್ ಕೇಳಿದರು. ಚಿತ್ರ ಹರಿಯುವ ತಂತಿಗಳೇ ಬೇರೆ, ಬೀಗದ ಮಾತುಕತೆ ನಡೆಯುವ ತಂತಿಗಳೇ ಬೇರೆ. ಈ ಎರಡು ಪಿನ್ನುಗಳ ತಂತಿ ಒಳಗೇ ಕಡಿದಿದ್ದರೆ ಮೆನು ಕಾಣಿಸಿಕೊಂಡರೂ ಕೀಲಿಗಳ ತಾಳೆ ನಡೆಯಲಾರದು, ಟಿವಿಯನ್ನೇ ದೂರುವ ಅದೇ ಸಂದೇಶ ಬರುತ್ತದೆ. ನನ್ನ ಕೇಬಲ್ ಸರಿಯಾಗಿಯೇ ಇತ್ತು. ಮೇಜಿನ ಮೇಲಿನ ಲೆಕ್ಕದಲ್ಲಿ ಯಾವುದೂ ಕೆಟ್ಟಿರಲಿಲ್ಲ, ಮನೆಯಲ್ಲಿ ಮಾತ್ರ ಸಿನಿಮಾ ಬರುತ್ತಿರಲಿಲ್ಲ.

“ಯಾವಾಗ್ಲೂ ಬರಲ್ವಾ ಸರ್, ಇಲ್ಲ ಒಂದೊಂದ್ಸಲ ಬರುತ್ತಾ?” ಎಂದು ಅವರು ಕೇಳಿದಾಗ ನನ್ನ ರಾತ್ರಿಯ ಇಂಟರ್ನೆಟ್ ಸಿದ್ಧಾಂತವನ್ನು ಮಂಡಿಸಿದೆ. ನೆಟ್ಟು ನಿಧಾನವಾದರೆ ಚಕ್ರ ತಿರುಗುತ್ತದೆಯೇ ಹೊರತು ಈ ಸಂದೇಶ ಬರುವುದಿಲ್ಲ ಎಂದು ಹೇಳಿ, ಭಾನುವಾರ ಮನೆಗೇ ಬಂದು ನೋಡುವುದಾಗಿ ಒಪ್ಪಿಕೊಂಡರು. ಹನ್ನೊಂದಕ್ಕೆ ಬರುತ್ತೇನೆ ಎಂದವರು ಬಂದದ್ದು ಮಧ್ಯಾಹ್ನ ಮೂರಕ್ಕೆ. ಬರುವ ಮೊದಲು ಒಂದು ಫೋನಾದರೂ ಮಾಡಬಹುದಿತ್ತು. ಇದನ್ನು ದೂರಿನ ಲೆಕ್ಕಕ್ಕೇ ಬರೆದುಕೊಳ್ಳುತ್ತೇನೆ.

ಬಂದವರು ಹಾಲಿನ ಟಿವಿಯ ಹಿಂದೆ ಬ್ಯಾಟರಿ ಬಿಟ್ಟು ನೋಡುತ್ತಿದ್ದಾಗ, ಕಾಫಿ ತಂದಿಟ್ಟ ಅಮ್ಮ ಸುಮ್ಮನೆ ಒಂದು ಮಾತು ಹೇಳಿದರು. “ಅದೇನಪ್ಪ ಬರಲ್ಲ ಅಂತೀರಾ, ನಾನ್ ಮಲಗಿದ್ಮೇಲೆ ಬರುತ್ತಲ್ಲ. ಮೊನ್ನೆ ನಿಮ್ಮ ಸಿನಿಮಾ ಸದ್ದಿಗೇ ನಂಗೆ ಎಚ್ಚರ ಆಯ್ತು.” ಮಾಲೀಕರು ಬ್ಯಾಟರಿ ಆರಿಸಿ ಅಮ್ಮನ ಕಡೆ ತಿರುಗಿ, “ಅಮ್ಮಾ, ಮಲಗೋವಾಗ ಏನೇನು ಆಫ್ ಮಾಡ್ತೀರಿ?” ಎಂದು ಕೇಳಿದರು. ಅಮ್ಮ ರಾತ್ರಿ ಒಂಬತ್ತೂವರೆಗೆ ಮಲಗುವಾಗ ಕೋಣೆಯ ಸ್ವಿಚ್‌ಬೋರ್ಡಿನಲ್ಲಿ ಫ್ಯಾನಿನದೊಂದನ್ನು ಬಿಟ್ಟು ಉಳಿದೆಲ್ಲ ಗುಂಡಿಗಳನ್ನು ಆರಿಸುತ್ತಾರೆ. ಕರೆಂಟ್ ಬಿಲ್ಲಿನ ಭಯಕ್ಕಿಂತಲೂ ಸಿಡಿಲಿನ ಭಯ ಹೆಚ್ಚು. ಆ ಗುಂಡಿಗಳಲ್ಲಿ ಒಂದರಿಂದ ಟಿವಿಗೂ, ಅದರ ಪಕ್ಕದ ಕನ್ವರ್ಟರಿನ ಅಡಾಪ್ಟರಿಗೂ ವಿದ್ಯುತ್ ಹೋಗುತ್ತಿತ್ತು. ಮಾಲೀಕರು ನನ್ನನ್ನು ಹಾಲಿನಲ್ಲಿ ನಿಲ್ಲಿಸಿ, ತಾವು ಕೋಣೆಯಲ್ಲಿ ನಿಂತು ಆ ಗುಂಡಿ ಆರಿಸಿ, “ಈಗ ಹಾಕಿ” ಎಂದರು. ಹಾಡುಹಗಲಿನಲ್ಲಿ ಸಿನಿಮಾ ಓಡಿತು. ಗುಂಡಿ ಒತ್ತಿದರು, ಕೆಲವೇ ಸೆಕೆಂಡುಗಳಲ್ಲಿ ಪರದೆ ಕಪ್ಪು. ಮೂರು ಸಲ ಹೀಗೆ ಮಾಡಿ ತೋರಿಸಿದರು, ಮೂರನೆಯ ಸಲಕ್ಕೆ ಅಮ್ಮನೇ ಗುಂಡಿ ಒತ್ತಿ ನಕ್ಕರು.

ಆಗಿದ್ದು ಇಷ್ಟು. ಸ್ಪ್ಲಿಟರ್ ತನ್ನ ಕೆಳಗೆ ಯಾರ್‍ಯಾರು ಇದ್ದಾರೆ ಎಂಬುದಕ್ಕೆ ಮೇಲಿನ ಸ್ಟಿಕ್ಕಿಗೆ ಜವಾಬು ಹೇಳಬೇಕಾದ ಸಾಧನ. ನಿಯಮದ ಪ್ರಕಾರ ಅದು ಕೆಳಗಿನ ಪ್ರತಿಯೊಂದು ಪರದೆಯ ಕೀಲಿಯನ್ನೂ ತಾನು ಪರೀಕ್ಷಿಸಿ, ಎಲ್ಲರೂ ಸರಿ ಇದ್ದಾರೆ ಎಂದು 5 ಸೆಕೆಂಡುಗಳೊಳಗೆ ಮೇಲಕ್ಕೆ ವರದಿ ಕೊಡಬೇಕು. ಹಾಲಿನ ಟಿವಿ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು. ಅಮ್ಮನ ಕೋಣೆಯ ಅಗ್ಗದ ಕನ್ವರ್ಟರಿನಲ್ಲಿ ಕೀಲಿಯೇ ಇರಲಿಲ್ಲ. ಒಬ್ಬರು ಫೇಲಾದರೂ ವರದಿ ಹೋಗುವುದಿಲ್ಲ, ವರದಿ ಬಾರದಿದ್ದರೆ ಸ್ಟಿಕ್ ಇಡೀ ಮನೆಗೆ ಬಾಗಿಲು ಹಾಕುತ್ತದೆ. ಕನ್ವರ್ಟರಿನ ವಿದ್ಯುತ್ ಹೋದಾಗ ಸ್ಪ್ಲಿಟರ್ ಆ ತುದಿಯಲ್ಲಿ ಯಾರೂ ಇಲ್ಲವೆಂದು ತಿಳಿದು ಹಾಲಿನ ಟಿವಿಯೊಂದರ ವರದಿಯನ್ನೇ ಕೊಡುತ್ತಿತ್ತು, ಆಗ ಸಿನಿಮಾ ಬರುತ್ತಿತ್ತು. ಎಲ್ಲ ಸ್ಪ್ಲಿಟರ್‌ಗಳೂ ಹೀಗೆಯೇ ನಡೆದುಕೊಳ್ಳುವುದಿಲ್ಲ. ಫೇಲಾದ ತುದಿಯೊಂದನ್ನೇ ಮುಚ್ಚಿ ಉಳಿದದ್ದನ್ನು ನಡೆಸುವಂಥವೂ ಇವೆಯಂತೆ, ನನ್ನದು ಆ ಜಾತಿಯದಲ್ಲ. ಪರದೆಯ ಮೇಲೆ ಬರುತ್ತಿದ್ದ ಸಂದೇಶ ಮಾತ್ರ ಟಿವಿಯನ್ನೇ ದೂರುತ್ತಿತ್ತು. ಬೀಗ ಹಾಕಿದವರು ಸರಪಳಿಯ ಯಾವ ಕೊಂಡಿ ಸಡಿಲ ಎಂಬುದನ್ನಾದರೂ ಹೇಳುವ ಸೌಜನ್ಯ ತೋರಿಸಿದ್ದರೆ ನನ್ನ ಎರಡು ವಾರ ಉಳಿಯುತ್ತಿತ್ತು.

ಸ್ಪ್ಲಿಟರ್ ತೆಗೆದು ಸ್ಟಿಕ್ಕನ್ನು ನೇರವಾಗಿ ಟಿವಿಗೆ ಹಾಕಿದ ಮೇಲೂ, ಸೆಟ್‌ಟಾಪ್ ಬಾಕ್ಸಿನಿಂದ ಸ್ಟಿಕ್ಕಿಗೆ ಬದಲಿಸುವಾಗ ಆಗೊಮ್ಮೆ ಈಗೊಮ್ಮೆ ಅದೇ ಸಂದೇಶ ಇಣುಕುತ್ತಿತ್ತು. ಇದಕ್ಕೆ ಕಾರಣ ಬೇರೆ. ನಾನು ಸ್ಟಿಕ್ಕಿನ ಜೊತೆ ಬಂದಿದ್ದ ಅಡಾಪ್ಟರನ್ನು ಡ್ರಾಯರಿನಲ್ಲಿ ಇಟ್ಟು, ವೈರು ಕಡಿಮೆಯಾಗಲೆಂದು ಟಿವಿಯದೇ ಯುಎಸ್‌ಬಿ ಸಾಕೆಟ್ಟಿನಿಂದ ವಿದ್ಯುತ್ ಕೊಟ್ಟಿದ್ದೆ. ಹಳೆಯ ಯುಎಸ್‌ಬಿ 2.0 ಸಾಕೆಟ್ ಲೆಕ್ಕದಂತೆ ಕೊಡುವುದು 500 ಮಿಲಿಆಂಪ್. ನನ್ನ ಸ್ಟಿಕ್ಕಿನ ಅಡಾಪ್ಟರಿನ ಮೇಲೆ ಬರೆದಿರುವುದು 1 ಆಂಪ್. ಅರೆಹೊಟ್ಟೆಯಲ್ಲಿರುವ ಸ್ಟಿಕ್ ಮೆನು ತೋರಿಸುತ್ತದೆ, ಚಿತ್ರ ಬಿಡಿಸುವ ಹೊರೆ ಬಿದ್ದಾಗ ತಡವರಿಸುತ್ತದೆ. ಅದೂ ಅಲ್ಲದೆ ನಮ್ಮ ಟಿವಿ ಆರಿದೊಡನೆ ಆ ಸಾಕೆಟ್ಟೂ ಆರುವುದರಿಂದ, ಟಿವಿ ಮತ್ತು ಸ್ಟಿಕ್ ಏಕಕಾಲಕ್ಕೆ ಎದ್ದು ಕಣ್ಣುಜ್ಜಿಕೊಳ್ಳುತ್ತಲೇ ಕೀಲಿಗಳ ಮಾತುಕತೆ ಶುರು ಮಾಡಬೇಕಾಗುತ್ತಿತ್ತು. ಅಡಾಪ್ಟರ್ ಹಾಕಿ, ಸ್ಟಿಕ್ಕಿನ ಸೆಟ್ಟಿಂಗಿನಲ್ಲಿ ಚಿತ್ರದ ಗಾತ್ರವನ್ನು ಆಟೋ ಎಂಬಲ್ಲಿಂದ 1080ಕ್ಕೆ ಖಾಯಂ ಮಾಡಿಕೊಟ್ಟರು. ಅಂದಿನಿಂದ ಸಂದೇಶ ಬಂದದ್ದು ಒಮ್ಮೆ, ಕರೆಂಟ್ ಹೋಗಿ ಬಂದಾಗ. ಅವರು ಹೇಳಿಕೊಟ್ಟಿದ್ದಂತೆ ಎರಡನ್ನೂ ಪ್ಲಗ್ಗಿನಿಂದಲೇ ಕಿತ್ತು, ಐದು ನಿಮಿಷ ಬಿಟ್ಟು, ಮೊದಲು ಟಿವಿ ಹಾಕಿ ಅದು ಪೂರ್ತಿ ಎದ್ದ ಮೇಲೆ ಸ್ಟಿಕ್ ಹಾಕಿದೆ, ಸರಿಹೋಯಿತು. ರಿಮೋಟಿನಲ್ಲಿ ಆರಿಸಿದರೆ ಸಾಲದು, ಸಾಧನ ಹಳೆಯ ಮಾತುಕತೆಯನ್ನು ನೆನಪಿನಲ್ಲಿ ಇಟ್ಟುಕೊಂಡೇ ಮಲಗಿರುತ್ತದೆ.

ಇನ್ನು ಅಮ್ಮನ ಕೋಣೆಯ ಟಿವಿ. ಅಲ್ಲಿಗೂ ಚಂದಾ ಸಿನಿಮಾ ಬರುವಂತೆ ಮಾಡಬಹುದೇ ಎಂದು ಕೇಳಿದೆ. ಪೇಟೆಯಲ್ಲಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹುಡುಕಿದರೆ, ಬೀಗವನ್ನೇ ತೆಗೆದುಹಾಕಿ ಚಿತ್ರ ಮುಂದೆ ಕಳಿಸುವ ಡಬ್ಬಿಗಳು ಸಿಗುತ್ತವೆ ಎಂಬ ಮಾತನ್ನು ನಾನೂ ಕೇಳಿದ್ದೆ. ಅದನ್ನು ತಾವು ಮಾರುವುದಿಲ್ಲ ಎಂದು ಮಾಲೀಕರು ಒಂದೇ ಮಾತಿನಲ್ಲಿ ಮುಗಿಸಿದರು. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ವಿಧಿಯು, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ರಕ್ಷಣೆಯನ್ನು ಮುರಿಯುವವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ಹೇಳುತ್ತದೆ. ತಾಯಿಗೆ ಸಿನಿಮಾ ತೋರಿಸುವವನ ಉದ್ದೇಶ ಅದಲ್ಲವೆಂದು ನಾನು ವಾದಿಸಬಹುದು, ಆದರೆ ಅಂಥ ಡಬ್ಬಿ ಕೊಳ್ಳುವ ಮನಸ್ಸಾಗಲಿಲ್ಲ. ಹಾಗೆಂದು ಸಿಟ್ಟು ಬರಲಿಲ್ಲವೆಂದಲ್ಲ. ಎಚ್‌ಡಿಸಿಪಿಯ ಹಳೆಯ ಆವೃತ್ತಿಯ ಮೂಲ ಕೀಲಿ 2010ರಲ್ಲೇ ಬಯಲಾಗಿ, ಅದು ಅಸಲಿ ಎಂದು ಇಂಟೆಲ್ ಕೂಡ ಒಪ್ಪಿಕೊಂಡಿದೆ. ಕಳ್ಳನಿಗೆ ತೆರೆದಿರುವ ಬಾಗಿಲಿನ ಮುಂದೆ ಚಂದಾ ಕಟ್ಟಿದವನು ಮಾತ್ರ ಗುರುತಿನ ಚೀಟಿ ತೋರಿಸುತ್ತ ನಿಂತಿದ್ದಾನೆ.

ಅಮ್ಮನಿಗೆ ಬೇಕಾಗಿದ್ದದ್ದು ಸಿನಿಮಾ ಅಲ್ಲವೇ ಅಲ್ಲ. ಅವರು ನೋಡುವುದು ಚಂದನ, ಅದರಲ್ಲಿ ಬರುವ ವಾರ್ತೆ, ಸಂಗೀತ. ಅದಕ್ಕೆ ಮಾಲೀಕರು ಸೂಚಿಸಿದ್ದು ಡಿಡಿ ಫ್ರೀ ಡಿಶ್‌ನ ಒಂದು ಸಾದಾ ಬಾಕ್ಸ್. ತಿಂಗಳ ಚಂದಾ ಇಲ್ಲ, ಹಿಂಭಾಗದಲ್ಲಿ ಹಳದಿ, ಕೆಂಪು, ಬಿಳಿ ಎವಿ ಸಾಕೆಟ್ಟುಗಳು ನೇರವಾಗಿ ಇವೆ. ಹಳೆಯ ಟಿವಿಗೆ ಆ ಪಿನ್ನುಗಳನ್ನು ಸಿಕ್ಕಿಸಿದರೆ ಮುಗಿಯಿತು, ಕನ್ವರ್ಟರ್ ಬೇಡ, ಎಚ್‌ಡಿಸಿಪಿಯ ಸೊಲ್ಲೂ ಇಲ್ಲ, ಏಕೆಂದರೆ ಆ ಬೀಗ ಬೀಳುವುದು ಡಿಜಿಟಲ್ ತಂತಿಗೆ ಮಾತ್ರ. ಮೊದಲ ದಿನ ಚಿತ್ರ ಕಪ್ಪು ಬಿಳುಪಾಗಿ, ಮೇಲಕ್ಕೆ ಉರುಳುತ್ತಿತ್ತು. ಬಾಕ್ಸಿನ ಮೆನುವಿನಲ್ಲಿ ಎನ್‌ಟಿಎಸ್‌ಸಿ ಎಂದಿದ್ದದ್ದನ್ನು ಪಾಲ್ ಎಂದು ಬದಲಿಸಿದ ಕೂಡಲೇ ಬಣ್ಣ ಬಂತು. ನಮ್ಮ ದೇಶದ ಹಳೆಯ ಟಿವಿಗಳು 625 ಗೆರೆಗಳ ಪಾಲ್ ಪದ್ಧತಿಯವು. ನನ್ನ ಹಳೆಯ ಕನ್ವರ್ಟರಿನ ಪಕ್ಕದಲ್ಲೂ ಇದೇ ಹೆಸರಿನ ಒಂದು ಚಿಕ್ಕ ಗುಂಡಿ ಇರುವುದನ್ನು ಆಮೇಲೆ ಗಮನಿಸಿದೆ.

ಇದೇ ನಂಟಿನ ಇನ್ನೊಂದು ಪ್ರಸಂಗವನ್ನು ಅಂಗಡಿಯಲ್ಲಿ ಕಂಡೆ, ಹಳೆಯ ಟಿವಿ ಇಟ್ಟುಕೊಂಡವರಿಗೆ ಇದೂ ಬೇಕಾಗಬಹುದು. ಗುಬ್ಬಿ ಕಡೆಯವರೊಬ್ಬರು ಆಂಟೆನಾ ಸಾಕೆಟ್ ಒಂದನ್ನು ಬಿಟ್ಟರೆ ಬೇರೇನೂ ಇಲ್ಲದ 14 ಇಂಚಿನ ಟಿವಿಗೆ ಡಿವಿಡಿ ಪ್ಲೇಯರ್ ಜೋಡಿಸಲು, ನಡುವೆ ತಮ್ಮ ಹಳೆಯ ವಿಸಿಆರ್ ಇಟ್ಟಿದ್ದರಂತೆ. ಮದುವೆಯ ಡಿವಿಡಿ ಚೆನ್ನಾಗಿ ಬರುತ್ತದೆ, ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿ ಹಾಕಿದರೆ ಚಿತ್ರ ಒಮ್ಮೆ ಕತ್ತಲಾಗಿ ಒಮ್ಮೆ ಬೆಳಗುತ್ತ, ದೀಪ ಆರಿಹೋಗುವ ಮನೆಯಂತೆ ಕಾಣುತ್ತದೆ ಎಂಬುದು ಅವರ ದೂರು. ಇದು ಎಚ್‌ಡಿಸಿಪಿಗಿಂತ ಹಳೆಯ ತಲೆಮಾರಿನ ಬೀಗ, ಹೆಸರು ಮ್ಯಾಕ್ರೋವಿಷನ್, 1980ರ ದಶಕದ ವಿಡಿಯೊ ಕ್ಯಾಸೆಟ್ಟುಗಳ ಕಾಲದ್ದು. ಚಿತ್ರದ ಒಂದು ಚೌಕಟ್ಟಿಗೂ ಇನ್ನೊಂದಕ್ಕೂ ನಡುವೆ ಕಣ್ಣಿಗೆ ಕಾಣದ ಗೆರೆಗಳಲ್ಲಿ ಸುಳ್ಳು ಮಿಡಿತಗಳನ್ನು ಸೇರಿಸಿರುತ್ತಾರೆ. ಸಿಗ್ನಲ್ಲಿನ ಬಲವನ್ನು ತಾನಾಗಿ ಹದ ಮಾಡಿಕೊಳ್ಳುವ ವಿಸಿಆರಿನ ಸರ್ಕ್ಯೂಟ್ ಆ ಮಿಡಿತಗಳನ್ನು ನಂಬಿ ಬೆಳಕನ್ನು ಏರಿಸಿ ಇಳಿಸಿ ಕೆಡಿಸುತ್ತದೆ. ಟಿವಿಗೆ ಮಾತ್ರ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅವರು ರೆಕಾರ್ಡ್ ಮಾಡುತ್ತಿರಲಿಲ್ಲ, ಆದರೆ ವಿಸಿಆರಿಗೆ ಅದು ತಿಳಿಯುವುದು ಹೇಗೆ? ಮಾಲೀಕರು ವಿಸಿಆರನ್ನು ಪಕ್ಕಕ್ಕಿಟ್ಟು, ಎವಿ ಸಿಗ್ನಲ್ಲನ್ನು ಆಂಟೆನಾ ಸಿಗ್ನಲ್ ಆಗಿ ಬದಲಿಸುವ ಒಂದು ಆರ್‌ಎಫ್ ಮಾಡ್ಯುಲೇಟರ್ ಕೊಟ್ಟು ಕಳಿಸಿದರು. ಬೀಗ ಹಾಗೆಯೇ ಇದ್ದು, ಅದಕ್ಕೆ ಸಿಕ್ಕಿಬೀಳುವ ಸಾಧನ ದಾರಿಯಿಂದ ಸರಿಯಿತು.

ಕೊಂಡ ಸಾಮಾನುಗಳ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಸ್ಪ್ಲಿಟರ್ ಕೆಟ್ಟ ವಸ್ತುವಲ್ಲ. ಎರಡೂ ತುದಿಯಲ್ಲಿ ಎಚ್‌ಡಿಸಿಪಿ ಇರುವ ಟಿವಿಗಳಿದ್ದರೆ ಅದು ತನ್ನ ಕೆಲಸ ಮಾಡುತ್ತದೆ, ಆದರೆ ಒಂದು ಪರದೆ ಫೇಲಾದರೆ ಎಲ್ಲ ಪರದೆಗಳೂ ಆರುತ್ತವೆ ಎಂಬ ಮಾತನ್ನು ಪೆಟ್ಟಿಗೆಯ ಮೇಲೆ ಎಲ್ಲಿಯೂ ಬರೆದಿಲ್ಲ. ಕನ್ವರ್ಟರಿನ ಪೆಟ್ಟಿಗೆಯ ಮೇಲೆ ಎಲ್ಲ ಸಾಧನಗಳಿಗೂ ಹೊಂದುತ್ತದೆ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಅದು ಸುಳ್ಳು, ಯೂಟ್ಯೂಬ್ ನೋಡುವುದಕ್ಕಷ್ಟೇ ಅದನ್ನು ಕೊಳ್ಳಬಹುದು, ಅಕ್ಷರಗಳು ಹಳೆಯ ಪರದೆಯಲ್ಲಿ ಮಸುಕಾಗಿ ಕಾಣುವುದಕ್ಕೂ ಸಿದ್ಧರಿರಬೇಕು. ಕೇಬಲ್ಲಿನ ವಿಷಯದಲ್ಲಿ ಅಂಗಡಿಯವರ ಮೇಲೆಯೇ ನನ್ನ ದೂರಿದೆ. ಹಳೆಯ ಕೇಬಲ್ ಸರಿಯಿದೆ ಎಂದು ತಾವೇ ಬೀಪ್ ಕೇಳಿಸಿ ತೋರಿಸಿಕೊಟ್ಟ ಮೇಲೆ, ಅವರ ಸಹಾಯಕ ಹುಡುಗ ಎಚ್‌ಡಿಸಿಪಿ ಬೆಂಬಲವಿದೆ ಎಂದು ಚೀಟಿ ಅಂಟಿಸಿದ್ದ 450 ರೂಪಾಯಿಯ ಹೊಸ ಕೇಬಲ್ಲನ್ನು ನನ್ನ ಚೀಲಕ್ಕೆ ಸೇರಿಸಿದ, ಮಾಲೀಕರು ನೋಡಿಯೂ ಸುಮ್ಮನಿದ್ದರು. ಎಚ್‌ಡಿಸಿಪಿಯ ಕೀಲಿ ಇರುವುದು ಎರಡು ತುದಿಯ ಸಾಧನಗಳಲ್ಲಿ. ಕೇಬಲ್ ಬರೀ ದಾರಿ, 2011ರ ಟಿವಿಗೆ ಸಾದಾ ಕೇಬಲ್ ಧಾರಾಳವಾಗಿ ಸಾಕು. ಮನೆಗೆ ಬಂದಾಗ ಅದನ್ನು ವಾಪಸ್ ಕೊಟ್ಟೆ. ಚರ್ಚೆ ಮಾಡದೆ ಹಣ ಹಿಂದಿರುಗಿಸಿದರು ಎಂಬುದನ್ನೂ ಹೇಳಬೇಕು.

ಅಂಗಡಿಯಲ್ಲಿ ಪರೀಕ್ಷೆಗೆ 150 ರೂಪಾಯಿ, ಮನೆಗೆ ಬಂದದ್ದಕ್ಕೆ 300 ರೂಪಾಯಿ ತೆಗೆದುಕೊಂಡರು. ಷೋರೂಮಿನ ಕಂತಿನ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿದರೆ ಇದು ದುಬಾರಿಯಲ್ಲ. ರಸೀದಿಯನ್ನು ಕೇಳಿ ಪಡೆಯಬೇಕಾಯಿತು, ಕೊಟ್ಟದ್ದೂ ದಿನಾಂಕವಿಲ್ಲದ ತುಂಡು ಕಾಗದ. ಫೋನ್ ಎತ್ತುವುದು ಅಪರೂಪ. ಗಾಡಿ ನಿಲ್ಲಿಸಲು ಆ ಗಲ್ಲಿಯಲ್ಲಿ ಜಾಗವಿಲ್ಲ, ಟೌನ್‌ಹಾಲ್ ಕಡೆ ನಿಲ್ಲಿಸಿ ನಡೆದು ಬರುವುದೇ ಮೇಲು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕದಲ್ಲಿ ಅರ್ಧ ಭಾನುವಾರದ ನಾಲ್ಕು ಗಂಟೆ ಕಾಯಿಸಿದ್ದಕ್ಕೆ, ಇನ್ನರ್ಧ ಕೇಬಲ್ಲಿಗೆ.

ಇಂಥ ಅಂಗಡಿ ನಿಮ್ಮ ಊರಿನಲ್ಲೂ ಒಂದು ಇದ್ದೀತು. ಹೋಗುವಾಗ ಸಾಧನ, ಅದರ ಅಡಾಪ್ಟರ್, ನಡುವಿನ ಪ್ರತಿಯೊಂದು ಡಬ್ಬಿ, ಪ್ರತಿಯೊಂದು ಕೇಬಲ್, ಪರದೆಯ ಮೇಲಿನ ಸಂದೇಶದ ಫೋಟೊ, ಟಿವಿಯ ಹಿಂಭಾಗದ ಸಾಕೆಟ್ಟುಗಳ ಫೋಟೊ ಇಷ್ಟನ್ನೂ ಒಂದೇ ಬಾರಿಗೆ ತೆಗೆದುಕೊಂಡು ಹೋಗಿ. ಸಂದೇಶ ಯಾವ ಹೊತ್ತಿನಲ್ಲಿ ಬರುತ್ತದೆ, ಯಾವ ಹೊತ್ತಿನಲ್ಲಿ ಬರುವುದಿಲ್ಲ ಎಂಬುದನ್ನು ಮನೆಯಲ್ಲಿ ಎಲ್ಲರನ್ನೂ ಕೇಳಿಕೊಂಡು ಹೋಗಿ. ನಮ್ಮ ಕನ್ವರ್ಟರ್ ಈಗ ಡ್ರಾಯರಿನಲ್ಲಿದೆ. ಅಮ್ಮ ರಾತ್ರಿ ಒಂಬತ್ತೂವರೆಗೆ ಎಂದಿನಂತೆ ಗುಂಡಿಗಳನ್ನು ಆರಿಸುತ್ತಾರೆ, ಆರಿಸುವ ಮೊದಲು ಮಾತ್ರ ಹಾಲಿನ ಕಡೆ ಕತ್ತು ಚಾಚಿ, “ಇನ್ನು ನಿಮ್ಮದು ಹಾಕ್ಕೊಳ್ಳಿ” ಎಂದು ಕೂಗುತ್ತಾರೆ. ಅದರ ಅಗತ್ಯ ಈಗಿಲ್ಲವೆಂದು ಹೇಳಿಯೂ ಆಗಿದೆ.